ಐದು ಮಿಲಿಮೀಟರ್

ನನ್ನ ಗಂಡನಿಗೆ ಊರು ಇಟ್ಟ ಹೆಸರು ದೋನ್ ಹೋರಿ, ಅಂದರೆ ಹೋರಿ ಸಾಹೇಬ. ನಿಜವಾದ ಹೆಸರು ಲಾವ್ರಿಯಾನೊ ಕುವಾಸ್ಪುದ್. ಹಾಲಿನ ಕ್ಯಾನಿನಂಥ ಒಂದು ಡಬ್ಬಿಯನ್ನು ಬೈಕಿನ ಹಿಂದೆ ಕಟ್ಟಿಕೊಂಡು, ಅದರೊಳಗಿನ ದ್ರವ ಸಾರಜನಕದ ಚಳಿಯಲ್ಲಿ ಹೋರಿಯ ವೀರ್ಯ ತುಂಬಿದ ಕಡ್ಡಿಗಳನ್ನು ಕಾಪಾಡಿಕೊಂಡು, ಬೆಟ್ಟದ ಮೇಲಿನ ಕೊಟ್ಟಿಗೆಗಳಿಗೆ ಹೋಗಿ ಹಸುಗಳಿಗೆ ಗಬ್ಬ ಕಟ್ಟಿಸುವುದು ಅವನ ಕೆಲಸ. ಅವನ ಬೈಕಿನ ಸದ್ದು ಕೇಳಿದರೆ ಸಾಕು, ಹೆಂಗಸರು ಬಾಗಿಲಿಗೆ ಬಂದು "ಹೋರಿ ಬಂತು, ಹಸು ಹಿಡ್ಕೊಳ್ರೇ" ಎಂದು ಕೂಗಿ ನಗುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅದೇ ತಮಾಷೆ. ನನಗೆ ಹಳಸಿದೆ, ಅವರಿಗೆ ಇನ್ನೂ ಹಳಸಿಲ್ಲ.

ನಾನು ಫ್ಲೋರಾಲ್ಬ. ಬೈಕ್ ರಿಪೇರಿ ಮಾಡುತ್ತೇನೆ. ಪಾಸ್ತೊ ಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿದ್ದ ಅಪ್ಪನ ಗ್ಯಾರೇಜು ಅವನ ಸಾವಿನ ಜೊತೆಗೇ ಮುಚ್ಚಿತು. ಸ್ಪ್ಯಾನರುಗಳು ಮಾತ್ರ ನನ್ನ ಪಾಲಿಗೆ ಬಂದವು. ಮನೆಯ ಹಿತ್ತಲಲ್ಲಿ ತಗಡಿನ ಚಪ್ಪರದ ಕೆಳಗೆ ಕೂತು ಮಾಡುತ್ತೇನೆ. ಬೋರ್ಡು ಇಲ್ಲ. ಹೆಂಗಸಿನ ಕೈಗೆ ಬೈಕ್ ಕೊಡಲು ಮುಜುಗರಪಡುವ ಗಂಡಸರು ಹಿಂಬಾಗಿಲಿನಿಂದ ಬರುತ್ತಾರೆ, ಬರಲಿ. ನನ್ನ ಕೈಯಲ್ಲಿ ಕೆಟ್ಟ ಬೈಕ್ ಒಂದೂ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಈಗ ಹೇಳಹೊರಟಿರುವ ವಾರ ಆ ಒಂದು ನಂಬಿಕೆಯೇ ನನ್ನ ಕಣ್ಣು ಕಟ್ಟಿತ್ತು, ಅದಕ್ಕೆ ಹೇಳಿದೆ.

ಬೈಕಿನ ಮುಂಭಾಗ ಕುಸಿಯುತ್ತದೆ ಎಂಬುದು ಲಾವ್ರಿಯಾನೊನ ಬಹಳ ದಿನದ ದೂರು. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಮೂಗು ನೆಲಕ್ಕೆ ತಾಗುವ ಹಾಗೆ ಬಗ್ಗುತ್ತಿತ್ತು, ಹೊಂಡಕ್ಕೆ ಬಿದ್ದರೆ ಮುಂದಿನ ಚಕ್ರ ಹಿಡಿದ ಫೋರ್ಕು ತಳಕ್ಕೆ ಬಡಿದು ಠಣ್ ಎನ್ನುತ್ತಿತ್ತು. ಕಂಪನಿಯವರು ಹಾಕುವ ಸ್ಪ್ರಿಂಗು ಪೇಟೆಯ ಡಾಂಬರು ರಸ್ತೆಗೆ ಸರಿ. ನಮ್ಮ ಬೆಟ್ಟದ ಕಲ್ಲುದಾರಿಗೆ, ಹಿಂದೆ ಅಷ್ಟು ಭಾರದ ಡಬ್ಬಿ ಕಟ್ಟಿಕೊಂಡು ಹೋಗುವವನಿಗೆ ಅದು ಯಾತಕ್ಕೂ ಸಾಲದು. ಪಾಸ್ತೊದಿಂದ ದಪ್ಪ ಸ್ಪ್ರಿಂಗು, ಗಟ್ಟಿ ಆಯಿಲ್, ಹೊಸ ಸೀಲು ತರಿಸಿದೆ. ಭಾನುವಾರ ಕೂತು ಹಾಕಿಬಿಡೋಣ ಎಂದುಕೊಂಡೆ.

ಫೋರ್ಕನ್ನು ಸವಾರನ ತೂಕಕ್ಕೆ ಹೊಂದಿಸಬೇಕು. ಸ್ಪ್ರಿಂಗಿನ ಮೇಲೆ ಒಂದು ಪೈಪಿನ ತುಂಡು ಕೂರುತ್ತದೆ. ತುಂಡು ಉದ್ದವಾದಷ್ಟೂ ಸ್ಪ್ರಿಂಗು ಬಿಗಿ. ಮನುಷ್ಯ ಹತ್ತಿ ಕೂತಾಗ ಬೈಕಿನ ಮುಂಭಾಗ ಎಷ್ಟು ಕೆಳಗಿಳಿಯುತ್ತದೆ ಎಂದು ಅಳೆದು, ಅದಕ್ಕೆ ತಕ್ಕಂತೆ ಆ ತುಂಡು ಕತ್ತರಿಸುವುದು. ಅಷ್ಟೇ ವಿದ್ಯೆ.

"ಒಂದು ನಿಮಿಷ ಮೇಲೆ ಕೂತ್ಕೋ, ಅಳತೆ ತಗೋತೀನಿ," ಎಂದೆ.

"ಆಲೂಗಡ್ಡೆ ಮೂಟೆ ಇದೆಯಲ್ಲ, ಅದನ್ನ ಕೂರ್ಸು. ನಂಗಿಂತ ಸುಮ್ನೆ ಕೂರತ್ತೆ."

"ಮೂಟೆಗೆ ಕೈ ಇಲ್ಲ, ಹ್ಯಾಂಡಲ್ ಹಿಡ್ಕೊಳ್ಳಲ್ಲ."

"ಬಾಯೂ ಇಲ್ಲ, ನಿಂಗೆ ಎದುರಾಡಲ್ಲ. ನಂಗೆ ಚರ್ಚಿಗೆ ಹೊತ್ತಾಯ್ತು."

ಎರಡು ವರ್ಷದಿಂದ, ಅಂದರೆ ಅವನ ಅಣ್ಣ ಅಬೆಲಾರ್ಡೊನ ಮಣ್ಣು ಮುಗಿದ ದಿನದಿಂದ, ಚರ್ಚಿನ ಮೆಟ್ಟಿಲು ತುಳಿಯದ ಮನುಷ್ಯ. ಉಣ್ಣೆಯ ರುಆನ ಕಂಬಳಿ ಹೊದ್ದುಕೊಂಡು, ಹ್ಯಾಟು ತಲೆಗಿಟ್ಟು ಹೊರಟೇ ಬಿಟ್ಟ. ದೇವರು ಇವನಿಗೆ ಈಗ ನೆನಪಾದನೇ ಎಂದು ನಕ್ಕು ಸುಮ್ಮನಾದೆ.

ನಮ್ಮ ಕಡೆ ಮನುಷ್ಯರ ತೂಕವನ್ನೂ ಆಲೂಗಡ್ಡೆಯ ಹಾಗೆ ಅರೋಬದಲ್ಲೇ ಹೇಳುವುದು. ನಾಲ್ಕು ಅರೋಬ ಸೇರಿದರೆ ಐವತ್ತು ಕಿಲೋದ ಒಂದು ಮೂಟೆ. ಆಲೂಗಡ್ಡೆ ಕಿತ್ತು ಮುಗಿದ ಕೊನೆಯ ದಿನ, ಮೂಟೆ ತೂಗುವ ತಕ್ಕಡಿಯ ಕೊಕ್ಕೆಗೆ ಗಂಡಸರೆಲ್ಲ ಒಬ್ಬೊಬ್ಬರಾಗಿ ಜೋತುಬೀಳುತ್ತಾರೆ. ಎಲ್ಲರಿಗಿಂತ ಹಗುರಾದವನು ಉಳಿದವರಿಗೆ ಕಬ್ಬಿನ ಸಾರಾಯಿ ಬಗ್ಗಿಸಿಕೊಡಬೇಕು, ಬೈಸಿಕೊಳ್ಳಬೇಕು. ಆ ದಿನ ಬಂದ ತೂಕ ಮುಂದಿನ ಬೆಳೆಯ ತನಕ ಅವನ ಹೆಸರಿಗೆ ಅಂಟಿರುತ್ತದೆ, ಮಧ್ಯೆ ಯಾರೂ ಮತ್ತೆ ತೂಗುವುದಿಲ್ಲ. ಲಾವ್ರಿಯಾನೊ ಏಳು ಅರೋಬದ ಆಳು. ಮದುವೆಯಾದ ವರ್ಷವೂ ಏಳು, ಹೋದ ವರ್ಷವೂ ಏಳು. ಈ ವರ್ಷ ಮಾತ್ರ ಅವನು ಭುಜ ಉಳುಕಿದೆ ಎಂದು ಜೋತುಬೀಳಲಿಲ್ಲ. ಉಳುಕಿದ ಭುಜಕ್ಕೆ ನಾನು ಎರಡು ದಿನ ಎಣ್ಣೆಯನ್ನೂ ತಿಕ್ಕಿದೆ, ಅವನು ಅಂಗಿ ಬಿಚ್ಚದ್ದಕ್ಕೆ ಕತ್ತಿನ ಕಡೆಯಿಂದ ಕೈ ತೂರಿಸಿ.

ಹಾಗಾಗಿ ಅಂದು ನಾನು ಎರಡನೆಯ ಯೋಚನೆಯೇ ಮಾಡದೆ ಏಳು ಅರೋಬ ಎಂದು ಹಿಡಿದೆ. ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ಬಿಚ್ಚಿದೆ. ಫೋರ್ಕಿನ ಕಾಲುಗಳನ್ನು ಕಳಚಿ ತಲೆಕೆಳಗು ಮಾಡಿದರೆ ಹಳೆಯ ಆಯಿಲ್ ಕೊಳೆತ ಮೀನಿನ ವಾಸನೆ ಹೊಡೆಯುತ್ತಾ ಬಕೆಟ್ಟಿಗೆ ಸುರಿಯಿತು. ತೊಳೆದು, ಹೊಸ ಸೀಲು ಬಡಿದು ಕೂರಿಸಿ, ಲಾವ್ರಿಯಾನೊನ ಹಸುವಿನ ಸಿರಿಂಜಿನಿಂದ ಆಯಿಲ್ ಅಳೆದು ಎರಡೂ ಕಾಲಿಗೆ ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ತುಂಬಿದೆ. ನೀರಿನ ಪೈಪು ಕತ್ತರಿಸಿ ಎರಡು ತುಂಡು ಮಾಡಿದೆ, ಅರದಿಂದ ಉಜ್ಜಿ ಅಂಚು ನಯ ಮಾಡಿದೆ. ಎಲ್ಲ ಜೋಡಿಸಿ ಅಳೆದಾಗ, ಖಾಲಿ ಬೈಕು ತನ್ನ ಭಾರಕ್ಕೇ ಇಪ್ಪತ್ತು ಮಿಲಿಮೀಟರ್ ಕೆಳಗಿಳಿದು ಕೂತಿತು. ಒಂದು ತುಂಬಿದ ಮೂಟೆ, ಇನ್ನೊಂದು ಮುಕ್ಕಾಲು ಮೂಟೆ ಸೀಟಿನ ಮೇಲೆ ಹಗ್ಗ ಹಾಕಿ ಕಟ್ಟಿದರೆ ನಲವತ್ತೆರಡು. ಪುಸ್ತಕದಲ್ಲಿ ಬರೆದಿಡಬಹುದಾದ ಅಂಕಿ. ನನಗೆ ನಾನೇ ಶಭಾಷ್ ಹೇಳಿಕೊಂಡೆ.

ಆ ಖುಷಿಗೆ ಮಧ್ಯಾಹ್ನ, ಮಾಂಸಕ್ಕೆಂದು ಅಡಿಗೆಮನೆಯಲ್ಲಿ ಸಾಕಿದ ಗಿನಿ ಇಲಿ ಜಾತಿಯ ಕುಯ್‌ಗಳಲ್ಲಿ ಕೊಬ್ಬಿದ್ದನ್ನೇ ಆರಿಸಿ ಕೆಂಡದ ಮೇಲೆ ಸುಟ್ಟೆ. ಅವನು ಎರಡು ಆಲೂಗಡ್ಡೆ ಮುರಿದು, ಮೇಲೆ ಕೆಳಗೆ ಮಾಡಿ, ತೊಡೆಯ ತುಂಡನ್ನು ನಾಯಿಗೆ ಹಾಕಿದ.

"ನಾಯಿಗಾ? ನಾನು ಹೊಗೆ ಕುಡ್ಕೊಂಡು ಸುಟ್ಟಿದ್ದು!"

"ಚರ್ಚ್ ಹತ್ರ ತಿಂದ್ಕೊಂಡು ಬಂದೆ. ನಾಯಿ ಆಸೆಯಿಂದ ನೋಡ್ತಿತ್ತು, ಪಾಪ."

ದಿನವೂ ಇದೇ ಮಾತು. ಇವತ್ತು ಆ ಕೊಟ್ಟಿಗೆಯವರು ಬಲವಂತ ಮಾಡಿದರು, ನಿನ್ನೆ ಈ ಕೊಟ್ಟಿಗೆಯವರು ಸೂಪು ಕೊಟ್ಟರು. ಬೆಟ್ಟದ ಜನರೆಲ್ಲ ಸೇರಿ ನನ್ನ ಗಂಡನನ್ನು ಸಾಕುತ್ತಿದ್ದಾರೆ ಎಂದು ನಾನು ರೇಗುತ್ತಿದ್ದೆ.

ಸೋಮವಾರ ಬೆಳಿಗ್ಗೆ ಅವನು ಹೊರಡಲು ಬೈಕ್ ಹತ್ತಿದಾಗ, ಶಾಸ್ತ್ರಕ್ಕೆ ಇರಲಿ ಎಂದು ಟೇಪು ಹಿಡಿದೆ. ಮೂವತ್ತೇಳು ಬಂತು.

"ಇಳಿದು ಇನ್ನೊಂದ್ಸಲ ಹತ್ತು. ಒಂದೆರಡು ಸಲ ಕುಲುಕಾಡ್ಸು."

ಕುಲುಕಾಡಿಸಿದ. ಮತ್ತೆ ಮೂವತ್ತೇಳು.

"ಐದು ಕಮ್ಮಿ ಬರ್ತಿದೆ," ಎಂದೆ.

"ಐದು ಏನು?"

"ಮಿಲಿಮೀಟರ್."

"ಅಯ್ಯೋ, ಜೋಳದ ಕಾಳಷ್ಟಕ್ಕೆ ನನ್ನ ನಿಲ್ಲಿಸ್ಬೇಡ. ಮೇಲೆ ಹಸು ಕಾಯ್ತಿದೆ, ಅದರ ಬೆದೆ ಹೊತ್ತು ಮೀರಿದ್ರೆ ಇನ್ನು ಮೂರು ವಾರ ಕಾಯ್ಬೇಕು," ಎಂದು ನನ್ನ ಮುಖ ನೋಡದೆ ಹೊರಟುಹೋದ. ಹೋಗುವ ಮುಂಚೆ ಫೋರ್ಕಿನ ಹೊಳೆಯುವ ಕೊಳವೆಗೆ ಒಂದು ಪ್ಲಾಸ್ಟಿಕ್ ಟ್ಯಾಗು ಬಿಗಿದಿದ್ದೆ. ಫೋರ್ಕು ಎಷ್ಟು ಒತ್ತಿಕೊಳ್ಳುತ್ತದೋ ಅಷ್ಟು ಮೇಲಕ್ಕೆ ಅದು ಸರಿದು ಅಲ್ಲೇ ನಿಲ್ಲುತ್ತದೆ, ಸುಳ್ಳು ಹೇಳಲು ಬರುವುದಿಲ್ಲ. ಸಂಜೆ ಅವನು ಬಂದಾಗ ಟ್ಯಾಗು ಅರ್ಧ ದಾರಿಯಲ್ಲೇ ನಿಂತಿತ್ತು. ಇಡೀ ಬೆಟ್ಟ ಹತ್ತಿಳಿದು ಬಂದ ಫೋರ್ಕು ಅರ್ಧವೂ ಕೆಲಸ ಮಾಡಿಲ್ಲ.

"ಕಲ್ಲು ಕಲ್ಲಿಗೂ ಒದೀತದೆ," ಎಂದು ಬೆರಳು ಮಡಚಿ ಬಿಚ್ಚಿ ಮಾಡಿದ. "ಹಳೇದೇ ವಾಸಿ ಇತ್ತು."

ಆ ಮಾತು ನನಗೆ ಚುಚ್ಚಿತು. ಮಂಗಳವಾರ ಅವನು ಹತ್ತಿರದ ಕೊಟ್ಟಿಗೆಗೆ ನಡೆದುಹೋದ, ನಾನು ಪೂರ್ತಿ ಫೋರ್ಕು ಮತ್ತೆ ಬಿಚ್ಚಿದೆ. ಆಯಿಲ್ ಜಾಸ್ತಿಯಾಯಿತೇ? ಇಲ್ಲ. ಸೀಲು ಕಚ್ಚಿಕೊಂಡಿದೆಯೇ? ಇಲ್ಲ. ಕೊಳವೆ ಬಗ್ಗಿದೆಯೇ ಎಂದು ಗಾಜಿನ ಮೇಲೆ ಉರುಳಿಸಿ ನೋಡಿದೆ, ಗೀಟು ಹೊಡೆದ ಹಾಗೆ ನೇರವಾಗಿತ್ತು. ಮತ್ತೆ ಜೋಡಿಸಿದೆ. ಖಾಲಿ ಇದ್ದಾಗ ಇಪ್ಪತ್ತು. ಮೂಟೆ ಹೇರಿದಾಗ ನಲವತ್ತೆರಡು. ಮಧ್ಯಾಹ್ನ ಅವನು ಬಂದು ಕೂತಾಗ ಮೂವತ್ತೇಳು. ತಲೆ ಕೆಟ್ಟು ಸ್ಪ್ಯಾನರನ್ನು ಗೋಡೆಗೆ ಎಸೆದೆ. ಅವನು ಅದನ್ನು ಎತ್ತಿ, ರುಆನದ ಅಂಚಿನಲ್ಲಿ ಒರೆಸಿ, ನನ್ನ ಪಕ್ಕದಲ್ಲಿಟ್ಟು ಒಳಗೆ ಹೋದ. ಸಾಮಾನ್ಯವಾಗಿ ಅಂಥ ಹೊತ್ತಿನಲ್ಲಿ ಏನಾದರೂ ಹೇಳಿ ನನ್ನನ್ನು ಇನ್ನಷ್ಟು ರೇಗಿಸುವ ಗಂಡಸು ಅವನು.

ಬುಧವಾರವೂ ಅವನು ಬೈಕ್ ಬಿಟ್ಟು, ಹತ್ತಿರದ ಹಸುಗಳ ಗಬ್ಬ ನೋಡಲು ನಡೆದೇ ಹೋದ. ಬೆಳಿಗ್ಗೆ ಹಾಲಿನ ಗಾಡಿಯ ಎಫ್ರಾಯಿನ್ ಬಂದ. ಈ ವರ್ಷ ಕೊಕ್ಕೆಗೆ ಜೋತುಬಿದ್ದವರಲ್ಲಿ ಅವನೇ ಎಲ್ಲರಿಗಿಂತ ಭಾರದವನು, ಸರಿಯಾಗಿ ಏಳು ಅರೋಬ. ಕ್ಯಾನು ಎತ್ತಿಡುತ್ತಿದ್ದವನನ್ನು ಕರೆದೆ.

"ಒಂದು ನಿಮಿಷ ಬಾ ಇಲ್ಲಿ. ಈ ಬೈಕ್ ಮೇಲೆ ಕೂತ್ಕೋ."

"ಗಂಡ ಮನೇಲಿಲ್ಲ, ಹಿತ್ತಲಿಗೆ ಕರೀತಿದೀಯ. ಜನ ಏನಂದ್ಕೋತಾರೆ ಫ್ಲೋರಾಲ್ಬ!"

"ನಿನ್ನ ಮೂತಿ ನೋಡಿದ್ರೆ ಯಾರೂ ಏನೂ ಅಂದ್ಕೊಳ್ಳಲ್ಲ. ಹ್ಯಾಂಡಲ್ ಹಿಡ್ಕೋ."

ಕೂತ. ಟೇಪು ಹಿಡಿದೆ. ನಲವತ್ತೆರಡು.

"ಎಷ್ಟು ಬಂತು? ದಪ್ಪ ಆಗಿದೀನಾ?"

"ಇಲ್ಲ, ಸರಿಯಾಗಿದೀಯ."

"ಹಾಗಂತ ದೋನ್ ಹೋರಿಗೂ ಹೇಳು. ಈ ಸಲ ನಂಗೆ ಹೆದರ್ಕೊಂಡು ಕೊಕ್ಕೆ ಹತ್ರಾನೂ ಸುಳೀಲಿಲ್ಲ ಪುಣ್ಯಾತ್ಮ," ಎಂದು ನಗುತ್ತಾ ಗಾಡಿ ಹತ್ತಿದ.

ಗಾಡಿ ತಿರುವು ದಾಟುವ ತನಕ ನಾನು ಟೇಪು ಹಿಡಿದುಕೊಂಡೇ ಕೂತಿದ್ದೆ. ಬೈಕ್ ಸರಿಯಾಗಿತ್ತು. ಮೊದಲ ದಿನದಿಂದಲೂ ಸರಿಯಾಗಿತ್ತು. ಏಳು ಅರೋಬ ಇಲ್ಲದ್ದು ನನ್ನ ಗಂಡ.

ಅವನ ತಾಯಿ ಹೊಟ್ಟೆಯ ಕಾಯಿಲೆಯಿಂದ ಹೋದವಳು. ಅಬೆಲಾರ್ಡೊ ಅದೇ ಹೊಟ್ಟೆಯಿಂದ ಹೋದ. ಅಬೆಲಾರ್ಡೊನ ಸೊಂಟದಲ್ಲಿ ಬೆಲ್ಟು ಸಡಿಲವಾದಾಗ ನಾವೆಲ್ಲ ಅವನನ್ನು ಮದುಮಗನ ಹಾಗೆ ಕಾಣುತ್ತೀಯ ಎಂದು ಹಾಸ್ಯ ಮಾಡಿದ್ದೆವು. ಈಗ ನಿಜ ಹೇಳಬೇಕು. ಲಾವ್ರಿಯಾನೊನ ಬೆಲ್ಟಿಗೆ ಹೊಸ ತೂತು ಬಿದ್ದದ್ದನ್ನು ನಾನು ತಿಂಗಳ ಹಿಂದೆಯೇ ನೋಡಿದ್ದೆ. ನನ್ನದೇ ದಬ್ಬಣದಿಂದ ಹೊಡೆದ ತೂತು. ದಬ್ಬಣ ಬೇರೆ ಡಬ್ಬಿಯಲ್ಲಿ ಸಿಕ್ಕಿತ್ತು. ಅದನ್ನು ತೆಗೆದು ಅದರ ಜಾಗದಲ್ಲಿಟ್ಟು ಬಾಯಿ ಮುಚ್ಚಿಕೊಂಡಿದ್ದೆ. ಚಳಿ ಎಂದು ಅವನು ಎರಡೆರಡು ಸ್ವೆಟರ್ ಹಾಕಿಕೊಂಡು ಮಲಗುವುದನ್ನೂ ನೋಡಿದ್ದೆ. ಅವನೊಬ್ಬನೇ ಬಚ್ಚಿಡಲಿಲ್ಲ, ನಾನೂ ಕೈಜೋಡಿಸಿದೆ. ಕೇಳಿದರೆ ಉತ್ತರ ಬಂದೀತು ಎಂಬ ಭಯ ನನಗೆ. ಆ ಹೇಡಿತನಕ್ಕೆ ನನ್ನ ಮೇಲೇ ನನಗೆ ಅಸಹ್ಯವಾಯಿತು.

ಉಗ್ರಾಣದಿಂದ ತೂಗುವ ತಕ್ಕಡಿ ತಂದು ಚಪ್ಪರದ ತೊಲೆಗೆ ಕಟ್ಟಿದೆ. ಅವನು ಹನ್ನೆರಡು ಗಂಟೆಗೆ ಹಿತ್ತಲ ಬಾಗಿಲು ತಳ್ಳಿಕೊಂಡು ಬಂದ.

"ಯಾರ ಆಲೂಗಡ್ಡೆ ತೂಗ್ತಿದೀಯ?"

"ಆಲೂಗಡ್ಡೆ ಅಲ್ಲ. ಬಾ, ಜೋತ್ಕೋ."

ಅವನು ಬಾಗಿಲಲ್ಲೇ ನಿಂತ. "ಭುಜ ಇನ್ನೂ..."

"ಭುಜಕ್ಕೆ ಬೆಂಕಿ ಬೀಳ್ಲಿ. ಎರಡು ದಿನದಿಂದ ಫೋರ್ಕ್ ಬಿಚ್ಚಿ ಹಾಕಿ ಮಾಡ್ತಿದೀನಿ. ನನ್ನ ಕೈಯೇ ಕೆಟ್ಟೋಯ್ತು ಅಂದ್ಕೊಂಡೆ. ನೀನು ನೋಡ್ತಾ ನಿಂತಿದ್ದೆ. ಒಂದು ಮಾತು ಹೇಳ್ಬಹುದಿತ್ತಲ್ಲ?"

"ಏನಂತ ಹೇಳ್ಲಿ?"

"ಊಟ ಸೇರಲ್ಲ ಅಂತ. ನೋವಿದೆ ಅಂತ. ಇದೆಯಾ, ಇಲ್ವಾ?"

ಅವನು ದಿಮ್ಮಿಯ ಮೇಲೆ ಕೂತ. ಹ್ಯಾಟು ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಇದೆ," ಎಂದ. "ಮಾರ್ಚಿಂದ."

ಮಾರ್ಚ್ ಎಂದರೆ ಐದು ತಿಂಗಳು.

"ಹಳೇ ಸ್ಪ್ರಿಂಗೇ ವಾಪಸ್ ಹಾಕ್ಬಿಡು ಫ್ಲೋರಾ," ಎಂದ ನಿಧಾನವಾಗಿ. "ಅದು ಮೆತ್ತಗಿತ್ತು. ಅದರಲ್ಲಿ ಏನೂ ಗೊತ್ತಾಗ್ತಿರ್ಲಿಲ್ಲ. ಇನ್ನೊಂದಷ್ಟು ದಿನ ಹಾಗೇ ಓಡಾಡ್ಕೊಂಡು ಇರ್ತಿದ್ದೆ."

"ಎಷ್ಟು ದಿನ?"

"ಅಬೆಲಾರ್ಡೊ ಡಾಕ್ಟ್ರ ಹತ್ರ ಹೋದ ದಿನ ಅವನೇ ಗಾಡಿ ಓಡಿಸ್ಕೊಂಡು ಹೋದ. ಅವರು ಅದರ ಹೆಸರು ಹೇಳಿದ್ ಮೇಲೆ ಮೂರು ತಿಂಗಳು. ಹೆಸರು ಗೊತ್ತಾಗಿದ್ದಕ್ಕೇ ಸತ್ತ ಅನ್ಸತ್ತೆ ನಂಗೆ."

"ಅವನು ಸತ್ತಿದ್ದು ತಡವಾಗಿ ಹೋಗಿದ್ದಕ್ಕೆ! ಒಂದು ವರ್ಷ ಸೋಡಾ ಕುಡ್ಕೊಂಡು, ಗ್ಯಾಸು ಗ್ಯಾಸು ಅಂತ ತಳ್ಳಿದ. ನೀನೂ ಅದೇ ದಾರಿ ಹಿಡಿದಿದೀಯ." ನನ್ನ ದನಿ ಏರುತ್ತಿತ್ತು. ನಿಲ್ಲಿಸಲು ಆಗಲಿಲ್ಲ. "ಹಸು ಗಬ್ಬ ನಿಂತಿದೆಯೋ ಇಲ್ವೋ ಅಂತ ಭುಜದ ತನಕ ಕೈ ತೂರ್ಸಿ ನೋಡ್ತೀಯ. ಅನುಮಾನದಲ್ಲಿ ದಿನ ಕಳೀಬೇಡಿ ಅಂತ ಬೆಟ್ಟಕ್ಕೆಲ್ಲ ಬುದ್ಧಿ ಹೇಳ್ತೀಯ. ನಿನ್ನ ಹೊಟ್ಟೆ ವಿಷಯಕ್ಕೆ ಬಂದ್ರೆ ಚರ್ಚಿಗೆ ಓಡ್ತೀಯಾ?"

ಅವನಿಗೆ ನಗು ಬಂತು. ತಡೆಯಲಾರದೆ ನಕ್ಕ. ನಗುತ್ತಲೇ ಪಕ್ಕೆಲುಬಿನ ಕೆಳಗೆ ಕೈ ಒತ್ತಿ ಹಿಡಿದುಕೊಂಡ. ಆ ಕೈ ಅಲ್ಲಿಗೆ ಎಷ್ಟು ಅಭ್ಯಾಸದಿಂದ ಹೋಯಿತು ಎಂಬುದನ್ನು ನೋಡಿ ನನ್ನ ಕೋಪವೆಲ್ಲ ಇಳಿದು ಅಳು ಬಂದುಬಿಟ್ಟಿತು.

"ನಂಗೆ ಭಯ ಆಗ್ತಿದೆ ಲಾವ್ರಿಯಾನೊ," ಎಂದೆ. "ನೀನಿಲ್ದೆ ಈ ಮನೇಲಿ ಹೇಗಿರೋದು ನಂಗೆ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋಕೂ ಇಷ್ಟ ಇಲ್ಲ."

ಅಡಿಗೆಮನೆಯಲ್ಲಿ ಕುಯ್‌ಗಳು ಹುಲ್ಲಿಗಾಗಿ ಸಿಳ್ಳೆ ಹಾಕುತ್ತಿದ್ದವು. ಆಮೇಲೆ ಅವನು ಎದ್ದ. ರುಆನ ತೆಗೆದು ಬೈಕಿನ ಸೀಟಿನ ಮೇಲೆ ಹಾಕಿದ. ಜಾಕೆಟ್ ತೆಗೆದ. ಒಂದು ಸ್ವೆಟರ್, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಉಣ್ಣೆಯ ಅಂಗಿ. ಒಂದೊಂದು ಪದರ ಕಳಚಿದಂತೆ ನನಗೆ ಗೊತ್ತಿದ್ದ ಗಂಡಸು ಸ್ವಲ್ಪ ಸ್ವಲ್ಪವೇ ಇಲ್ಲವಾದ. ಬನಿಯನ್ನಿನಲ್ಲಿ ನಿಂತವನ ಕತ್ತಿನ ಮೂಳೆಗಳ ನಡುವೆ ನನ್ನ ಮುಷ್ಟಿ ಕೂರುವಷ್ಟು ಗುಂಡಿ ಇತ್ತು. ಬೂಟನ್ನೂ ಬಿಚ್ಚಿದ.

"ಮೋಸ ಬೇಡ ಅಂತ," ಎಂದ.

ಎರಡೂ ಕೈಯಿಂದ ಕೊಕ್ಕೆ ಹಿಡಿದು ಕಾಲು ಮೇಲೆತ್ತಿದ. ಭುಜಕ್ಕೆ ಏನೂ ಆಗಿರಲಿಲ್ಲ. ತೊಲೆ ಕಿರುಗುಟ್ಟಿತು. ನಾನು ಗುಂಡನ್ನು ಪಟ್ಟಿಯ ಮೇಲೆ ಏಳರಲ್ಲಿಟ್ಟೆ, ಪಟ್ಟಿ ಕೆಳಗೆ ಬಿತ್ತು. ಆರಕ್ಕೆ ತಂದೆ, ಬಿತ್ತು. ಐದೂವರೆಗೆ ತಂದಾಗ ಪಟ್ಟಿ ಅಲುಗಾಡಿ, ನಿಧಾನವಾಗಿ ಸಮಕ್ಕೆ ನಿಂತಿತು.

"ಎಷ್ಟು?" ಎಂದ ಜೋತಾಡುತ್ತಲೇ.

"ಐದೂವರೆ."

ಅವನು ಕಾಲು ನೆಲಕ್ಕಿಟ್ಟ. "ಹಂಗಾದ್ರೆ ಊರಿಗೆಲ್ಲ ಸಾರಾಯಿ ನಾನೇ ಬಗ್ಗಿಸ್ಬೇಕು," ಎಂದ. ನಾನು ರುಆನವನ್ನು ತಂದು ಅವನಿಗೆ ಹೊದಿಸಿದೆ.

"ನಾಳೆ ಪಾಸ್ತೊಗೆ ಹೋಗ್ತಿದೀವಿ," ಎಂದೆ.

"ನಾಳೆ ಎರಡು ಹಸು..."

"ಬೇರೆಯವರಿಗೆ ಹೇಳು. ಇಲ್ಲಾಂದ್ರೆ ಮೂರು ವಾರ ಕಾಯ್ಲಿ. ಹಸು ಕಾಯತ್ತೆ."

ಅವನು ಬೂಟು ಹಾಕಿಕೊಂಡ. ಸಾರಜನಕದ ಡಬ್ಬಿಯನ್ನು ಬೈಕಿನ ಹಿಂಬದಿಯಿಂದ ಬಿಚ್ಚಿ ಒಳಗಿಟ್ಟ. ನನಗೆ ಅಷ್ಟು ಸಾಕಾಗಿತ್ತು.

ಮಧ್ಯಾಹ್ನ ಮತ್ತೊಮ್ಮೆ ಫೋರ್ಕಿನ ಮುಚ್ಚಳ ತೆಗೆದೆ. ನಾನೇ ಓಡಿಸುವುದೆಂದು ತೀರ್ಮಾನಿಸಿದ್ದೆ, ನನ್ನ ತೂಕ ಐದು ಅರೋಬ. ಏಳು ಅರೋಬಕ್ಕೆಂದು ಕತ್ತರಿಸಿದ್ದ ಎರಡು ಪೈಪಿನ ತುಂಡುಗಳನ್ನು ಹೊರತೆಗೆದು ಬಟ್ಟೆಯಲ್ಲಿ ಒರೆಸಿದೆ. ಅದರಲ್ಲೇ ಒಂದಿಷ್ಟು ಕೊಯ್ದರೆ ಕೆಲಸ ಮುಗಿಯುತ್ತಿತ್ತು, ಎರಡು ನಿಮಿಷದ ಕೆಲಸ. ಗರಗಸ ಇಟ್ಟೆ. ಎಳೆಯಲು ಕೈ ಬರಲಿಲ್ಲ. ಉಳಿದ ಪೈಪಿನಿಂದ ಬೇರೆ ಎರಡು ತುಂಡು ಕತ್ತರಿಸಿ ಹಾಕಿದೆ.

ಗುರುವಾರ ಬೆಳಿಗ್ಗೆ ಐದಕ್ಕೆ ಹೊರಟೆವು. ಲಾವ್ರಿಯಾನೊ ಈ ಜನ್ಮದಲ್ಲಿ ಯಾರ ಹಿಂದೆಯೂ ಕೂತವನಲ್ಲ. ಕಾಲು ಎಲ್ಲಿಡಬೇಕೆಂದೇ ಗೊತ್ತಾಗದೆ ಎರಡು ಸಲ ಸೈಲೆನ್ಸರಿಗೆ ತಾಗಿಸಿಕೊಂಡ. ಊರ ಬಾಯಲ್ಲಿ ಎಫ್ರಾಯಿನ್‌ನ ಹಾಲಿನ ಗಾಡಿ ಎದುರಾಯಿತು. ಅವನು ಏನೋ ತಮಾಷೆ ಮಾಡಲು ಬಾಯಿ ತೆರೆದ, ನನ್ನ ಮುಖ ನೋಡಿ ಸುಮ್ಮನೆ ಹ್ಯಾಟು ಎತ್ತಿದ.

ಇಳಿಜಾರು ಶುರುವಾಯಿತು. ಹಳೆಯ ಫೋರ್ಕು ಠಣ್ ಎನ್ನುತ್ತಿದ್ದ ಹೊಂಡಗಳನ್ನೆಲ್ಲ ಬೈಕು ಸದ್ದಿಲ್ಲದೆ ದಾಟಿತು. ನನ್ನ ಬೆನ್ನಿಗೆ ಅವನ ಎದೆ ತಾಗುತ್ತಿತ್ತು, ಎಷ್ಟು ಬಟ್ಟೆ ಇದ್ದರೂ ಮೂಳೆ ಗೊತ್ತಾಗುತ್ತಿತ್ತು.

"ಮೆತ್ತಗೆ ಹೋಗ್ತಿದೆ," ಎಂದ ಕಿವಿಯ ಹತ್ತಿರ.

"ನನ್ನ ತೂಕಕ್ಕೆ ಕೂರ್ಸಿದೀನಿ."

ಸೇತುವೆ ದಾಟಿದೆವು. ಆಮೇಲೆ ಕೇಳಿದ, "ಆ ಉದ್ದದ ತುಂಡುಗಳು... ನಂದು. ಅದನ್ನೇ ಕೊಯ್ದು ಚಿಕ್ಕದು ಮಾಡಿದ್ಯಾ?"

"ಇಲ್ಲ. ಬೇರೆ ಕತ್ತರಿಸ್ದೆ. ನಿಂದು ಹಾಗೇ ಇದೆ, ಉಪ್ಪಿನ ಡಬ್ಬಿ ಪಕ್ಕ ಇಟ್ಟಿದೀನಿ."

"ಬಿಸಾಡ್ಬೇಡ."

"ಬಿಸಾಡಲ್ಲ."

ಅವನ ಕೈ ನನ್ನ ಸೊಂಟವನ್ನು ಬಿಗಿಯಾಗಿ ಹಿಡಿಯಿತು. ಆಸ್ಪತ್ರೆಗೆ ಇನ್ನೂ ಹನ್ನೊಂದು ಕಿಲೋಮೀಟರ್ ಇತ್ತು.